ಕಟ್ಟೆ ಕಟ್ಟಿ ಕೆಟ್ಟೆ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲ್ಹಲಗೆ ನೀರು ಕುಡಿದು ಉಬ್ಬಿ, ಒಲೆ ಒಂದು ಪಕ್ಕಕ್ಕೆ ವಾಲಿಕೊಂಡು ಎರಡು ವರ್ಷವಾಗಿತ್ತು. ಬಡಗಿಯನ್ನು ಕೇಳಿದರೆ ಹದಿನೈದು ದಿನ ಕಾಯಿರಿ ಎಂದ. ಆ ಕ್ಷಣವೇ ನಾನು, ಹೊಸ ಲ್ಯಾಮಿನೇಟ್ ಹಲಗೆ ತಂದು ನಾನೇ ಕೊಯ್ದು ನಾನೇ ಕೂರಿಸುವುದಾಗಿ ಘೋಷಿಸಿದೆ. ಇಪ್ಪತ್ತೆರಡು ವರ್ಷದಿಂದ ಶಾಲೆಯಲ್ಲಿ ರೇಖಾಗಣಿತ ಕಲಿಸುತ್ತಿರುವವನಿಗೆ ಒಂದು ಆಯತದೊಳಗೆ ಇನ್ನೊಂದು ಆಯತ ಕೊರೆಯುವುದು ಯಾವ ಮಹಾ ಕೆಲಸ?

ಹೆಂಡತಿ ಪಾತ್ರೆಗಳನ್ನೆಲ್ಲ ಬಚ್ಚಲುಮನೆಗೆ ಸಾಗಿಸತೊಡಗಿದಳು. ಎಷ್ಟು ದಿನದ ಮಟ್ಟಿಗೆ ಎಂದು ಕೇಳಿದೆ.

"ನೀವು ಮುಗಿಸೋವರೆಗೆ ಅಂದ್ಕೊಂಡೆ. ಆಮೇಲೆ, ಬಡಗಿ ಮುಗಿಸೋವರೆಗೂ ಇರ್ಲಿ ಅನ್ನಿಸ್ತು."

ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಲ್ಲಿ ಎಡತುದಿಯಲ್ಲಿ, ಒಲೆ ಬಲತುದಿಯಲ್ಲಿ. ಸಿಂಕ್ ಕೂರುವ ಚೌಕ ಎಡಗೋಡೆಯಿಂದ ಅರ್ಧ ಅಡಿ ಬಿಟ್ಟು ಬರಬೇಕು. ಮೂರು ಸಲ ಅಳೆದೆ. ಮೂರು ಸಲವೂ ಒಂದೇ ಅಳತೆ ಬಂತು. ನನ್ನ ಮೇಲೆ ನನಗೇ ಗೌರವ ಹೆಚ್ಚಿತು.

ಅಂಗಡಿಯವನು ಒಂದು ಗುಟ್ಟು ಹೇಳಿಕೊಟ್ಟಿದ್ದ: ಕರೆಂಟ್ ಗರಗಸದಿಂದ ಮೇಲ್ಗಡೆ ಕೊಯ್ದರೆ ಹೊಳಪಿನ ಪದರ ಚಕ್ಕೆ ಏಳುತ್ತದೆ, ಹಲಗೆಯನ್ನು ಮಗುಚಿ ಬೆನ್ನ ಕಡೆಯಿಂದ ಕೊಯ್ಯಬೇಕು. ಹಿತ್ತಿಲಲ್ಲಿ ಎರಡು ಬೆಂಚುಗಳ ಮೇಲೆ ಹಲಗೆಯನ್ನು ಬೋರಲು ಹಾಕಿದೆ. ಅದರ ದುಂಡನೆಯ ಮುಂದಿನ ಅಂಚನ್ನು, ಅಡುಗೆಮನೆಯಲ್ಲಿ ಇರುವಂತೆಯೇ, ನನ್ನ ಹೊಟ್ಟೆಯ ಕಡೆಗೆ ಇಟ್ಟುಕೊಂಡು, ಎಡದಿಂದ ಅಳೆದು, ಗೆರೆ ಎಳೆದು, ಕೊಯ್ದೆ. ಚೌಕ ಬೆಣ್ಣೆಯ ಹಾಗೆ ಕಳಚಿ ಬಿತ್ತು. ಹೆಂಡತಿಯನ್ನು ಕರೆದು ಮುಟ್ಟಿ ನೋಡಲು ಹೇಳಿದೆ. ನಿಜವಾಗಿಯೂ ನಯವಾಗಿದೆ ಎಂದಳು. ಮದುವೆಯಾದ ಮೇಲೆ ನನ್ನ ಕೈಕೆಲಸಕ್ಕೆ ಸಿಕ್ಕ ಮೊದಲ ಪ್ರಶಸ್ತಿ ಅದು. ಹತ್ತು ನಿಮಿಷ ನನ್ನ ಬಳಿ ಇತ್ತು.

ಇಬ್ಬರೂ ಹೊತ್ತು ತಂದು, ಹಲಗೆಯನ್ನು ಹೊಳಪು ಮೇಲಾಗಿ ತಿರುವಿ ಕೂರಿಸಿದೆವು. ನಲ್ಲಿಯ ಕೆಳಗೆ ಗಟ್ಟಿ ಹಲಗೆ. ಒಲೆ ಇಡಬೇಕಾದ ಜಾಗದಲ್ಲಿ ದೊಡ್ಡ ತೂತು. ಆಕೃತಿಯನ್ನು ಮಗುಚಿದಾಗ ಎಡ ಬಲವಾಗುತ್ತದೆ ಎಂದು ಕಳೆದ ವಾರವಷ್ಟೇ ಏಳನೇ ತರಗತಿಗೆ ಪಾಠ ಮಾಡಿದ್ದೆ. ಒಬ್ಬಳು ಹುಡುಗಿಗೆ ಅರ್ಥವಾಗದಿದ್ದಕ್ಕೆ ಬೈದಿದ್ದೆ ಕೂಡ.

ಹಲಗೆಯನ್ನು ಅರ್ಧ ಸುತ್ತು ತಿರುಗಿಸಿ ನೋಡಿದೆವು. ತೂತು ನಲ್ಲಿಯ ಕೆಳಗೆ ಬಂತು. ದುಂಡಂಚು ಗೋಡೆಗೆ ಹೋಗಿ, ಒರಟಂಚು ಮುಂದಕ್ಕೆ ಬಂದು, ನನ್ನ ಅಂಗಿಯ ಎರಡು ಗುಂಡಿ ಕಿತ್ತುಕೊಂಡಿತು. ಮತ್ತೆ ತಿರುಗಿಸಿದೆವು.

ಅಷ್ಟಕ್ಕೆ ಸೋಲೊಪ್ಪುವುದು ನನ್ನ ಜಾಯಮಾನವಲ್ಲ. ಸಿಂಕನ್ನು ಬಲಕ್ಕೆ ಕೂರಿಸಿ ಅದರ ಕೆಳಗೊಂದು ಬಕೆಟ್ ಇಟ್ಟೆ. ಒಲೆಯನ್ನು ಎಡಕ್ಕೆ ಸರಿಸಿ, ನಲ್ಲಿಗೆ ರಬ್ಬರ್ ಪೈಪ್ ಸಿಕ್ಕಿಸಿ ಸಿಂಕಿನವರೆಗೆ ಎಳೆದೆ. ನಲ್ಲಿಯ ಕೆಳಗೇ ಒಲೆ ಉರಿಯುವ ಮನೆ ನಮ್ಮದೊಂದೇ ಇರಬೇಕು.

ಮರುದಿನ ಬೆಳಿಗ್ಗೆ ಹೆಂಡತಿ ಹಾಲು ಕಾಯಲಿಟ್ಟು ನಲ್ಲಿ ತಿರುಗಿಸಿದಳು. ಪೈಪು ಕಳಚಿ, ಹೆಡೆಯೆತ್ತಿ, ಮೊದಲು ಒಲೆಯನ್ನೂ ಆಮೇಲೆ ಹಾಲನ್ನೂ ಕೊನೆಗೆ ಬಾಗಿಲಲ್ಲಿ ಪೇಪರ್ ಓದುತ್ತ ನಿಂತಿದ್ದ ನನ್ನನ್ನೂ ತೋಯಿಸಿತು.

ಅವಳು ನಿಧಾನವಾಗಿ ನಲ್ಲಿ ನಿಲ್ಲಿಸಿದಳು. "ರೀ, ಹಾಲಿಗೆ ನೀರು ಹಾಕೋದನ್ನ ಹಾಲಿನವನಿಗೆ ಬಿಡಿ. ಹಲಗೆ ಕೊಯ್ಯೋದನ್ನ ಬಡಗಿಗೆ ಬಿಡಿ."

ಹದಿನೈದನೇ ದಿನ ಬಡಗಿ ಬಂದ. ತೂತನ್ನು ನೋಡಿದ, ನಲ್ಲಿಯನ್ನು ನೋಡಿದ, ಮತ್ತೆ ತೂತನ್ನು ನೋಡಿದ. ಇದನ್ನು ಯಾರು ಮಾಡಿದ್ದು ಎಂದು ಕೇಳಿದ. ನೆಲ ಒರೆಸುತ್ತಿದ್ದ ನಾನು, ಹೆಂಡತಿ ಬಾಯಿ ತೆರೆಯುವ ಮೊದಲೇ, ಯಾರೋ ಹೊಸಬ ಎಂದುಬಿಟ್ಟೆ.

ಬಡಗಿ ಒಳ್ಳೆಯವನು. ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದ. "ಅಕ್ಕಾ, ಅವನನ್ನ ಇನ್ನೊಂದ್ಸಲ ಮನೆಯೊಳಗೆ ಸೇರಿಸ್ಬೇಡಿ."

ಅವಳು ನನ್ನತ್ತ ನೋಡಲೂ ಇಲ್ಲ.

"ಸೇರಿಸ್ದೆ ಏನ್ಮಾಡ್ಲಪ್ಪಾ," ಎಂದಳು. "ಊಟ, ನಿದ್ದೆ ಎಲ್ಲಾ ಇಲ್ಲೇ ಮಾಡ್ತಾರೆ."