ಒಂದೇ ಓಟು, ಮೂರು ಮಾತು

ಒಂದಾನೊಂದು ಊರಿನಲ್ಲಿ ಒಬ್ಬ ಮನುಷ್ಯನಿದ್ದ. 'ಇಲ್ಲ' ಅನ್ನುವ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ. ಕತೆಯ ರಾಕ್ಷಸನಿಗಾದರೂ ಪ್ರಾಣ ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ಭದ್ರವಾಗಿರುತ್ತದೆ. ಈ ಮನುಷ್ಯನ ಪ್ರಾಣವೋ, ಮನೆಗೆ ಬಂದು ಕಾಫಿ ಕುಡಿದವರೆಲ್ಲರ ಕೈಯಲ್ಲೂ ಚೂರು ಚೂರು ಇರುತ್ತಿತ್ತು.

ಊರು ಕಿಲ್ಮಾಡೂನ್, ಐರ್ಲೆಂಡಿನ ಪಡುವಣ ಮೂಲೆಯದು. ಮನುಷ್ಯ ವಾಲ್ದಿಸೀರ್. ಏಳಲ್ಲದಿದ್ದರೂ ಒಂದು ದೊಡ್ಡ ಸಮುದ್ರವನ್ನೇ ದಾಟಿ ಬ್ರೆಜಿಲ್‌ನಿಂದ ಬಂದವನು. ಈ ಊರಿನ ಮಾಂಸದ ಕಾರ್ಖಾನೆಯಲ್ಲಿ ಕೆಲಸ.

ತೊಂದರೆ ಶುರುವಾದದ್ದು ಕಾನೂನಿನಿಂದ. ಆ ದೇಶದ ಪಾರ್ಲಿಮೆಂಟಿಗೆ ಓಟು ಹಾಕಲು ವಾಲ್ದಿಸೀರ್‌ನಂಥ ಪರದೇಶಿಗಳು ಲೆಕ್ಕಕ್ಕಿಲ್ಲ. ಆದರೆ ರಸ್ತೆಗುಂಡಿ, ಬೀದಿದೀಪ ನೋಡಿಕೊಳ್ಳುವ ಕೌನ್ಸಿಲ್ ಚುನಾವಣೆಯಲ್ಲಿ ಊರಲ್ಲಿ ವಾಸವಿರುವವರೆಲ್ಲರೂ ಓಟುದಾರರು. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಬದುಕಿದ್ದವನು ಆ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಮದುವೆಗೆ ಬಂದ ಹುಡುಗಿಯ ಹಾಗಾದ. ನೋಡಲು ಬರುವವರೇ ಬರುವವರು.

ಮೊದಲು ಬಂದವನು ಪಕ್ಕದ ಮನೆಯ ಮಲಕಿ. ಹೆಂಡತಿ ಮಕ್ಕಳಿಲ್ಲದ, ಟೈ ಸದಾ ಒಂದು ಕಡೆ ವಾಲುವ ಮನುಷ್ಯ. ಊರಿನ ಬಸ್‌ಸ್ಟಾಪಿಗೆ ಒಂದು ಚಾವಣಿ ಹಾಕಿಸಬೇಕೆಂಬ ಒಂದೇ ಆಸೆಯಿಂದ ಮೊದಲ ಸಲ ಚುನಾವಣೆಗೆ ನಿಂತಿದ್ದ. ಹೋದ ಚಳಿಗಾಲ ವಾಲ್ದಿಸೀರ್‌ನ ಮನೆಯ ಬಾಯ್ಲರ್ ಕೆಟ್ಟು ಕೂಸು ನಡುಗುತ್ತಿದ್ದಾಗ, ಮದುವೆ ಊಟ ಬಿಟ್ಟು ಬಂದು ಅದೇ ವಾಲಿದ ಟೈಯಲ್ಲಿ ನೆಲದ ಮೇಲೆ ಮಲಗಿ ರಿಪೇರಿ ಮಾಡಿಕೊಟ್ಟವನು.

"ಚೀಟಿಯಲ್ಲಿ ಎಲ್ಲರ ಹೆಸರೂ ಇರುತ್ತೆ ಕಣಪ್ಪ. ನಿಂಗೆ ಯಾರು ಮೊದಲು ಬೇಕೋ ಅವರ ಮುಂದೆ ಒಂದು, ಆಮೇಲೆ ಎರಡು, ಮೂರು ಅಂತ ಹಾಕ್ಕೊಂಡು ಹೋಗೋದು," ಅಂದ ಮಲಕಿ. "ಊರವರನ್ನ ಕೇಳಿದರೆ ಎಲ್ಲರೂ 'ನೋಡೋಣ' ಅಂತಾರೆ. ಯಾರಾದರೂ ಒಬ್ಬರು ನಂಗೆ ಒಂದನೇ ಅಂಕಿ ಹಾಕಿದ್ದು ಖಾತ್ರಿಯಾದರೆ ಸಾಕು, ನಾಲ್ಕು ಜನರೆದುರು ಅವರ ಕೈ ಕುಲುಕಿ ಥ್ಯಾಂಕ್ಸ್ ಹೇಳ್ತೀನಿ. ಅಮ್ಮನ ಸಮಾಧಿ ಮುಂದೆ ಮಾತು ಕೊಟ್ಟಿದೀನಿ."

"ನನ್ನ ಒಂದು ನಿಮಗೇ," ಅಂದ ವಾಲ್ದಿಸೀರ್. ಇದು ನಿಜವಾದ ಮಾತು.

ಎರಡನೆಯವನು ಕ್ಯೂಸಕ್, ಕಾರ್ಖಾನೆಯ ಮೇಸ್ತ್ರಿ, ಅವನೂ ಅಭ್ಯರ್ಥಿ. ಇವೊನೆಚಿ, ಅಂದರೆ ವಾಲ್ದಿಸೀರ್‌ನ ಹೆಂಡತಿ, ಬಿಸಿ ಬಿಸಿ ಚೀಸ್ ಉಂಡೆಗಳ ತಟ್ಟೆ ತಂದಿಟ್ಟಳು. ಕ್ಯೂಸಕ್ ಒಂದೊಂದೇ ಬಾಯಿಗೆ ಎಸೆದುಕೊಳ್ಳುತ್ತ, "ರಾತ್ರಿ ಪಾಳಿ ಯಾರಿಗೆ ಅಂತ ಇನ್ನೂ ಯೋಚನೆ ಮಾಡ್ತಿದೀನಿ. ನಿನ್ನ ಒಂದು ನಂಗೇ ತಾನೇ?" ಅಂದ. ತನ್ನ ಮನೆಯ ಕಾಫಿ ಕುಡಿಯುತ್ತಿರುವವನಿಗೆ ಇಲ್ಲ ಅನ್ನುವುದು ವಾಲ್ದಿಸೀರ್‌ನ ಕಡೆಯವರ ರಕ್ತದಲ್ಲೇ ಇಲ್ಲ. ಹೂಂ ಅಂದ.

ಮೂರನೆಯವಳು ಬ್ರೀಡ್ ಹ್ಯಾನ್ಲಿ. ಈಗಿನ ಕೌನ್ಸಿಲರ್, ಜೊತೆಗೆ ವಾಲ್ದಿಸೀರ್ ಇದ್ದ ಬಾಡಿಗೆ ಮನೆಯ ಒಡತಿ.

"ಮನೆ ಕರಾರು ಈ ತಿಂಗಳಿಗೆ ಮುಗೀತಲ್ಲ. ಎಣಿಕೆ ಆಗಲಿ, ನೋಡೋಣ," ಅಂದಳು. ಸುತ್ತ ಮೂರು ಊರಲ್ಲಿ ಹುಡುಕಿದರೂ ಬೇರೆ ಬಾಡಿಗೆ ಮನೆ ಸಿಗುವಂತಿರಲಿಲ್ಲ.

"ನನ್ನ ಒಂದು ನಿಮಗೇ, ದೋನಾ ಬ್ರೀಡ್." ದೋನಾ ಅಂದರೆ ಅವನ ಕಡೆ ಅಮ್ಮಾವ್ರೇ ಅಂದ ಹಾಗೆ.

"ಬಾಯಲ್ಲಿ ಎಲ್ಲರೂ ಅಂತಾರೆ. ಪೆಟ್ಟಿಗೆ ತೆರೆದಾಗ ನಮ್ಮ ಹುಡುಗರು ಕಟಕಟೆಗೆ ಒರಗಿ ನಿಂತು, ಪ್ರತಿ ಚೀಟಿಯ ಒಂದನೇ ಅಂಕಿ ಯಾರಿಗೆ ಅಂತ ಗೀಟು ಹಾಕ್ಕೊಳ್ತಾರೆ. ಈ ಊರಿನ ಪೆಟ್ಟಿಗೆ ನಂಗೆ ನನ್ನ ಕೈಚೀಲ ಇದ್ದ ಹಾಗೆ. ಯಾವ ಮನೆ ಯಾರ ಕಡೆ ಅನ್ನೋದು ನಮ್ಮಜ್ಜನ ಕಾಲದಿಂದ ಗೊತ್ತು. ಗೊತ್ತಿಲ್ಲದ್ದು ನಿನ್ನದೊಂದೇ. ಆ ಮಲಕಿಗೆ ಅವನದೇ ಒಂದು ಬೀಳುತ್ತೆ. ಎರಡು ಬಿದ್ದರೆ ಆ ಎರಡನೇದು ಯಾರದು ಅಂತ ಕೇಳೋಕೆ ನಾನೇನು ಕಣಿ ಹೇಳೋರ ಹತ್ರ ಹೋಗಬೇಕಾಗಿಲ್ಲ."

ಬ್ರೀಡ್ ಹೋದ ಮೇಲೆ ಇವೊನೆಚಿ ಖಾಲಿ ತಟ್ಟೆ ನೋಡಿದಳು, ಗಂಡನ ಮುಖ ನೋಡಿದಳು. ಪಟ್ಟಿಗೆ ಹೆಸರು ಸೇರಿಸುವ ಗಡುವು ಆಕೆಗೆ ಗೊತ್ತಾದದ್ದು ಅದು ದಾಟಿದ ಮೇಲೆ. ಹಾಗಾಗಿ ಓಟಿನ ಕಾಟವಿರಲಿಲ್ಲ.

"ಹೋಗಲೇಬೇಡ. ಜ್ವರ ಅಂತ ಮಲಕ್ಕೋ."

"ಓಟು ಹಾಕದಿದ್ರೆ ದಂಡ ಹಾಕ್ತಾರೆ ಕಣೇ. ಪಾಸ್‌ಪೋರ್ಟ್ ತಡೀತಾರೆ."

"ಅದು ನಮ್ಮ ದೇಶದಲ್ಲಿ. ಇಲ್ಲಿ ಹಾಕದಿದ್ರೂ ಯಾರೂ ಕೇಳಲ್ವಂತೆ."

"ಕೇಳಲ್ಲ ಅಂತ ಹೇಳೋ ಸರ್ಕಾರಾನೇ ಆಮೇಲೆ ಕೇಳೋದು," ಅಂದ ವಾಲ್ದಿಸೀರ್.

"ಹಾಗಾದರೆ ಬ್ರೀಡಮ್ಮನಿಗೆ ಹಾಕಿ ಬಾ. ತಲೆ ಮೇಲೆ ಸೂರಿದ್ದರೆ ಉಳಿದದ್ದೆಲ್ಲ."

ಅವನು ಅದಕ್ಕೂ ಹೂಂ ಅಂದ.

ಓಟಿನ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಮನೆ ಮುಂದೆ ಬ್ರೀಡ್‌ಳ ಕಾರು, ಅದರ ಹಿಂದೆ ಕ್ಯೂಸಕ್‌ನ ವ್ಯಾನು, ಅದರ ಹಿಂದೆ ಮಲಕಿಯ ಟ್ರ್ಯಾಕ್ಟರು. ಓಟುದಾರರನ್ನು ಕರೆದೊಯ್ಯುವುದು ಅಲ್ಲಿನ ರೂಢಿ.

"ಹತ್ತಪ್ಪಾ," ಅಂದಳು ಬ್ರೀಡ್.

"ನಮ್ಮ ಕಾರ್ಖಾನೆಯವನು, ನಮ್ಮ ವ್ಯಾನಲ್ಲಿ ಬರ್ತಾನೆ," ಅಂದ ಕ್ಯೂಸಕ್.

ಮಲಕಿ ಟ್ರ್ಯಾಕ್ಟರಿನ ಸೀಟಿನ ಪಕ್ಕಕ್ಕೆ ಒಂದು ಗೋಣಿಚೀಲ ಹಾಸಿ, ಕೈಯಿಂದ ತಟ್ಟಿ ಮೆದು ಮಾಡಿದ.

ಒಂದು ಗಾಡಿ ಹತ್ತಿದರೆ ಇನ್ನೆರಡು ಗಾಡಿಯವರು ಶತ್ರುಗಳು. "ಡಾಕ್ಟರು ನಡೀಬೇಕು ಅಂದಿದಾರೆ," ಅಂದು ವಾಲ್ದಿಸೀರ್ ನಡೆದೇ ಹೊರಟ. ಮೂವರೂ ಬಿಡಲಿಲ್ಲ. ಮುಂದೆ ತಲೆ ತಗ್ಗಿಸಿದ ವಾಲ್ದಿಸೀರ್, ಹಿಂದೆ ಆಮೆ ನಡಿಗೆಯಲ್ಲಿ ಕಾರು, ವ್ಯಾನು, ಟ್ರ್ಯಾಕ್ಟರು. ಅಂಚೆ ಕಚೇರಿಯ ಮುಂದಿದ್ದ ಮುದುಕರು ಟೋಪಿ ತೆಗೆದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಬ್ರೆಡ್ಡಿನಂಗಡಿಯವಳು ಅರ್ಧ ಬಾಗಿಲು ಎಳೆದು ಗೌರವ ಸಲ್ಲಿಸಿದಳು.

"ಯಾರು ಹೋಗಿದ್ದು?" ಒಬ್ಬ ಮುದುಕ ಪಿಸುಗುಟ್ಟಿದ.

"ಗೊತ್ತಿಲ್ಲ. ಪಾಪ, ಆ ಬ್ರೆಜಿಲಿನವನಿಗೆ ತುಂಬ ಹತ್ತಿರದವರು ಇರಬೇಕು. ಮುಖ ನೋಡು."

ಮತಗಟ್ಟೆ ಹಳೆಯ ಶಾಲೆಯಲ್ಲಿತ್ತು. ಅಧಿಕಾರಿಣಿ ಪಟ್ಟಿಯಲ್ಲಿ ಅವನ ಹೆಸರು ಓದಲು ಶುರು ಮಾಡಿದರು. ಅಮ್ಮನ ಮನೆತನ, ಅಪ್ಪನ ಮನೆತನ ಎಲ್ಲ ಸೇರಿ ಆ ಹೆಸರು ಗೂಡ್ಸ್ ರೈಲಿನಷ್ಟು ಉದ್ದವಿತ್ತು. ಮಧ್ಯದ ಡಬ್ಬಿಯೊಂದರಲ್ಲಿ ಉಸಿರು ಕಟ್ಟಿ, "ಎಲ್ಲ ನೀನೇ ತಾನೇ?" ಅಂದರು.

"ಎಲ್ಲ ನಾನೇ ಮೇಡಂ."

ಮರೆಯೊಳಗೆ ಹೋಗಿ ಚೀಟಿ ಬಿಡಿಸಿದ. ಹೆಸರುಗಳ ಪಕ್ಕದಲ್ಲಿ ಅಭ್ಯರ್ಥಿಗಳ ಫೋಟೋಗಳೂ ಇದ್ದವು. ಬ್ರೀಡ್ ಮನೆ ಒಡತಿಯ ಹಾಗೇ ನಗುತ್ತಿದ್ದಳು. ಕ್ಯೂಸಕ್ ಹಾಜರಿ ತೆಗೆದುಕೊಳ್ಳುವವನ ಹಾಗೆ ನೋಡುತ್ತಿದ್ದ. ವಾಲ್ದಿಸೀರ್ ಪೆನ್ಸಿಲನ್ನು ಬ್ರೀಡ್‌ಳ ಕಡೆಗೇ ಒಯ್ದ, ದೇವರಾಣೆಗೂ ಒಯ್ದ. ಆದರೆ ಕೆಳಗಿನ ಫೋಟೋದಲ್ಲಿ ಮಲಕಿ ಇದ್ದ, ಅದೇ ಟೈ, ಅದೇ ವಾಲು. ಬಾಯ್ಲರ್ ಹತ್ತಿಕೊಂಡಾಗ ಗುಡುಗುಡು ಅಂದ ಸದ್ದು ಅವನ ಕಿವಿಗೆ ಕೇಳಿಸಿತು. ಕೂಸಿನ ಬೆರಳುಗಳಿಗೆ ಮತ್ತೆ ಬಣ್ಣ ಬಂದದ್ದು ಕಣ್ಣಿಗೆ ಕಂಡಿತು. ಕೈ ತಾನಾಗಿಯೇ ಕೆಳಗಿಳಿದು ಮಲಕಿಯ ಮುಂದೆ 'ಒಂದು' ಬರೆದುಬಿಟ್ಟಿತು.

ಚೀಟಿ ಪೆಟ್ಟಿಗೆಗೆ ಬಿದ್ದ ಮೇಲೆಯೇ ಅವನಿಗೆ ಬ್ರೀಡ್‌ಳ ಮಾತು ನೆನಪಾದದ್ದು. ಮಲಕಿಯದೊಂದು, ತನ್ನದೊಂದು. ಎರಡು.

ಮಾರನೆಯ ದಿನ ಎಣಿಕೆ, ಪಟ್ಟಣದ ಕ್ರೀಡಾಂಗಣದ ಹಾಲ್‌ನಲ್ಲಿ. ತನ್ನ ಹುಡುಗರ ಸ್ಯಾಂಡ್‌ವಿಚ್ ಡಬ್ಬಿಗಳನ್ನು ಹೊರಲು ಬ್ರೀಡ್ ವಾಲ್ದಿಸೀರ್‌ನನ್ನೇ ಕರೆದೊಯ್ದಳು. ಹೊತ್ತವನು ತಾನೇ ಬಲಿಪೀಠದ ಕುರಿ ಎಂದುಕೊಂಡು ಡಬ್ಬಿಗಳ ಹಿಂದೆ ಅಡಗಿ ನಿಂತ. ಕಿಲ್ಮಾಡೂನ್ ಪೆಟ್ಟಿಗೆ ತೆರೆದರು. ಕಟಕಟೆಗೆ ಒರಗಿದವರ ಪೆನ್ಸಿಲುಗಳು ಗೀಟು ಎಳೆದವು. ವಾಲ್ದಿಸೀರ್ ಕಣ್ಣು ಮುಚ್ಚಿದ.

"ಮಲಕಿ, ಒಂದು," ಅಂದ ಬ್ರೀಡ್‌ಳ ಹುಡುಗ.

ಒಂದೇ.

"ಅವನದೇ ಅವನಿಗೆ, ಪಾಪ," ಅಂದಳು ಬ್ರೀಡ್. ತನ್ನ ಗೀಟುಗಳನ್ನು ನೋಡಿ ಅವಳ ಮುಖ ಅರಳಿತು. "ನಾನು ಹೇಳಿದ್ದ ಲೆಕ್ಕವೇ ಬಂತು ನೋಡು, ಒಂದೂ ಕಡಿಮೆಯಿಲ್ಲ. ಅಂದರೆ ನೀನು ಮಾತಿಗೆ ತಪ್ಪಲಿಲ್ಲ. ಸೋಮವಾರ ಬಾ, ಕರಾರು ಬರ್ಕೊಡ್ತೀನಿ. ಮೂರು ವರ್ಷಕ್ಕೇ ಇರಲಿ."

ವಾಲ್ದಿಸೀರ್‌ಗೆ ತಲೆಬುಡ ತಿಳಿಯಲಿಲ್ಲ. ತನ್ನ ಓಟು ಎಲ್ಲಿ ಹೋಯಿತು, ಇಲ್ಲದ ಓಟು ಬ್ರೀಡ್‌ಳಿಗೆ ಎಲ್ಲಿಂದ ಬಂತು? ಆ ಕಡೆ ತನ್ನ ಗೀಟುಗಳನ್ನು ಎರಡೆರಡು ಸಲ ಎಣಿಸಿದ ಕ್ಯೂಸಕ್ ಇವನತ್ತ ನೋಡಿ, "ರಾತ್ರಿ ಪಾಳಿಗೆ ಬೆಚ್ಚಗೆ ಬಟ್ಟೆ ಹಾಕ್ಕೊಂಡು ಬಾರಪ್ಪ," ಅಂದ. ಇರಲಿ, ಮನೆ ಉಳಿಯಿತಲ್ಲ. ವಾಲ್ದಿಸೀರ್ ಅಂದಿಗೆ ಮೊದಲ ಸಲ ಒಂದು ಸ್ಯಾಂಡ್‌ವಿಚ್ ತೆಗೆದು ಬಾಯಿಗಿಟ್ಟ.

ಅಷ್ಟರಲ್ಲಿ ಮೊದಲ ಸುತ್ತಿನಲ್ಲೇ ಮಲಕಿ ಹೊರಬಿದ್ದ. ಜಿಲ್ಲೆಯ ರೇಡಿಯೋದ ಹುಡುಗಿ ಮೈಕು ಹಿಡಿದು ಅವನ ಬಳಿ ಹೋದಳು. ಹಾಲ್‌ನ ಸ್ಪೀಕರಿನಲ್ಲೂ ಅದು ಕೇಳಿಸುತ್ತಿತ್ತು.

"ನಿಮ್ಮ ಸ್ವಂತ ಊರಲ್ಲಿ ನಿಮಗೆ ಬಿದ್ದದ್ದು ನಿಮ್ಮದೇ ಒಂದು ಓಟು. ಬೇಜಾರಾಯ್ತಾ?"

"ನಂದಲ್ಲಮ್ಮ ಅದು," ಅಂದ ಮಲಕಿ. "ನನ್ನ ಹೆಸರಿಗೆ ನಾನೇ ಒಂದು ಅಂತ ಬರ್ಕೊಳ್ಳೋದಾ? ನಮ್ಮಮ್ಮ ಹಾಗೆ ಬೆಳೆಸಲಿಲ್ಲ. ಊಟಕ್ಕೆ ಕೂತರೂ ಮೊದಲು ಪಕ್ಕದವರಿಗೆ ಬಡಿಸು ಅಂತಿದ್ದಳು. ನನ್ನದನ್ನ ಬ್ರೀಡ್‌ಗೆ ಹಾಕಿದೆ. ಕಷ್ಟಪಡ್ತಾಳೆ, ಪಾಪ."

ಬ್ರೀಡ್ ತನ್ನ ಗೀಟುಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ ತಲೆ ತಿರುಗಿಸಿ ಸ್ಯಾಂಡ್‌ವಿಚ್ ಡಬ್ಬಿಗಳ ಕಡೆ ನೋಡಿದಳು.

ವಾಲ್ದಿಸೀರ್‌ ಕಚ್ಚಿದ ಸ್ಯಾಂಡ್‌ವಿಚ್ಚನ್ನು ಮೆಲ್ಲಗೆ ಡಬ್ಬಿಗೆ ವಾಪಸ್ಸಿಟ್ಟ.

"ಹಾಗಾದರೆ ಆ ಒಂದು ಓಟು ಯಾರದು?" ಅಂದಳು ರೇಡಿಯೋ ಹುಡುಗಿ.

ಮಲಕಿಯ ಕಣ್ಣಲ್ಲಿ ನೀರು ನಿಂತಿತ್ತು. ಅವನು ಜನರ ನಡುವೆ ದಾರಿ ಮಾಡಿಕೊಂಡು ನೇರವಾಗಿ ಬಂದ. ಮೈಕು ಹಿಂದೆ ಬಂತು, ಊರು ಹಿಂದೆ ಬಂತು. ವಾಲ್ದಿಸೀರ್ ಕಣ್ಣಲ್ಲೇ ಬೇಡ, ಬೇಡ ಅಂದ. ಬದುಕಿನಲ್ಲಿ ಅವನು ಯಾರಿಗಾದರೂ ಬೇಡ ಅಂದದ್ದು ಅದೇ ಮೊದಲು, ಅದೂ ಕೇಳಿಸಲಿಲ್ಲ.

"ಇಡೀ ಊರಲ್ಲಿ ಮಾತು ಕೊಟ್ಟವನು ಇವನೊಬ್ಬನೇ, ಉಳಿಸಿಕೊಂಡವನೂ ಇವನೊಬ್ಬನೇ," ಅಂದ ಮಲಕಿ. ವಾಲ್ದಿಸೀರ್‌ನ ಕೈಯಿಂದ ಡಬ್ಬಿಗಳನ್ನು ಬ್ರೀಡ್ ಒಂದೊಂದಾಗಿ ಇಸಿದುಕೊಳ್ಳುತ್ತಿದ್ದಳು. ಕೊನೆಯ ಡಬ್ಬಿಯೂ ಹೋಗಿ ಕೈ ಖಾಲಿಯಾದದ್ದೇ ತಡ, ಮಲಕಿ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಇಡೀ ಜಿಲ್ಲೆಗೆ ಕೇಳುವ ಹಾಗೆ ಥ್ಯಾಂಕ್ಸ್ ಹೇಳಿ, ಅಮ್ಮನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ.