ಲ್ಯಾಬಿನ ಬೀಗ ಮತ್ತು ಜೂನ್ ತಿಂಗಳ ಜಗಳಗಳು

ಜೂನ್ ತಿಂಗಳಲ್ಲಿ ಮಳೆ ತಪ್ಪಿದರೂ ನನಗೂ ನಮ್ಮ ಹೆಡ್‌ಮಾಸ್ಟರಿಗೂ ಜಗಳ ತಪ್ಪುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆ. ಅಜ್ಜಂಪುರದ ಹತ್ತಿರದ ಒಂದು ಹೈಸ್ಕೂಲಿಗೆ ನಾನು ಸೈನ್ಸ್ ಟೀಚರು, ತರೀಕೆರೆಯಿಂದ ದಿನಾ ಬಸ್ಸು. ಶಾಲೆಗೆ ಲ್ಯಾಬ್ ಇತ್ತು, ಲ್ಯಾಬಿಗೆ ಬೀಗ ಇತ್ತು, ಬೀಗದ ಕೈ ಹೆಡ್‌ಮಾಸ್ಟರ ಉಡಿದಾರದಲ್ಲಿತ್ತು. ಮಕ್ಕಳು ಒಂದು ಪ್ರನಾಳವನ್ನೂ ಕಣ್ಣಲ್ಲಿ ಕಾಣದೆ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುತ್ತಿದ್ದರು. ಆ ಬಾಗಿಲು ತೆಗೆಸದೆ ಈ ಶಾಲೆ ಬಿಡುವವಳಲ್ಲ ಎಂದು ನಾನು ಹಟ ಹಿಡಿದೆ. ಹಟ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಂದ ಆಸ್ತಿ.

ಮುಟ್ಟಬೇಡಿ

ಮೊದಲ ದಿನ ಹೊಸ ಎಂಟನೇ ಕ್ಲಾಸಿನವರಿಗೆ ಶಾಲೆ ತೋರಿಸುವ ಶಾಸ್ತ್ರ. ಹೆಡ್‌ಮಾಸ್ಟರು ಮುಂದೆ, ಮಕ್ಕಳು ಹಿಂದೆ. ಇದು ಲೈಬ್ರರಿ, ಬೀರು ಮುಟ್ಟಬೇಡಿ. ಇದು ಗ್ಲೋಬು, ತಿರುಗಿಸಬೇಡಿ. ಇದು ಲ್ಯಾಬು, ಬಾಗಿಲಿಗೆ ಒರಗಲೂಬೇಡಿ. ಎಲ್ಲ ಸರ್ಕಾರದ ಸೊತ್ತು, ಒಡೆದರೆ ಯಾರು ಜವಾಬ್ದಾರಿ ಎಂದು ಅವರ ವಾದ. ತೋಟದ ಮನೆಯಿಂದ ಬಂದಿದ್ದ ಒಬ್ಬ ಉದ್ದ ಜಡೆಯ ಹುಡುಗಿ ಎಲ್ಲ ಕೇಳಿಸಿಕೊಂಡು ಕೊನೆಗೆ ಬಾಯಿಬಿಟ್ಟಳು.

"ಹಂಗಾದ್ರೆ ಇಲ್ಲಿ ಏನು ಮುಟ್ಬೋದು ಸಾ?"

ಹೆಡ್‌ಮಾಸ್ಟರು ಪ್ರಾಮಾಣಿಕವಾಗಿ ಸುತ್ತಲೂ ನೋಡಿದರು. ಆಮೇಲೆ, "ಪೊರಕೆ," ಅಂದರು.

ಭೂಮಿಗೆ ಸ್ನಾನ

ಮರುವರ್ಷ ಶಾಲೆ ತೋರಿಸುವ ಕೆಲಸ ನಾನೇ ಮಾಡುತ್ತೇನೆಂದು ಜಗಳವಾಡಿ ಇಸಿದುಕೊಂಡೆ. ಲ್ಯಾಬ್ ಕೇಳಿದೆ, ಕೊಡಲಿಲ್ಲ. ಹೋಗಲಿ ಎಂದು ಗ್ಲೋಬನ್ನು ಬೀರುವಿನಿಂದ ಇಳಿಸಿದೆ. ಪ್ರತಿ ಆಯುಧಪೂಜೆಗೂ ನಮ್ಮ ಜವಾನ ಅದಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದ. ವರ್ಷವರ್ಷದ್ದೂ ಸೇರಿ ಗಟ್ಟಿ ಪಟ್ಟೆಗಳಾಗಿದ್ದವು. ನಾನು ಒದ್ದೆಬಟ್ಟೆ ತರುವಷ್ಟರಲ್ಲಿ, ಈಗ ಒಂಬತ್ತಕ್ಕೆ ಬಂದಿದ್ದ ಅದೇ ಉದ್ದ ಜಡೆಯವಳು ಹೊಸಬರಿಗೆ ಪಾಠ ಶುರುಮಾಡಿಬಿಟ್ಟಿದ್ದಳು. ಮಧ್ಯದ ಬಿಳಿ ಗೆರೆ ಸಮಭಾಜಕ ವೃತ್ತ, ಮೇಲಿನದು ಕರ್ಕಾಟಕ, ಕೆಳಗಿನದು ಮಕರ ಸಂಕ್ರಾಂತಿ ವೃತ್ತ ಅಂತೆ. ಹೊಸಬರಲ್ಲಿ ಒಬ್ಬ, "ಅವೆಲ್ಲ ನಮ್ಮಜ್ಜನ ಹಣೆ ಮ್ಯಾಲೂ ಅದಾವೆ ಮಿಸ್," ಅಂದ.

ಒರೆಸಲು ಹೋದರೆ, ವಿಭೂತಿ ಒರೆಸುವುದು ಪಾಪ ಎಂದು ಹೆಡ್‌ಮಾಸ್ಟರು ಅಡ್ಡ ಬಂದರು. ಆ ಪಾಪವನ್ನು ಭೂಮಿಗೆ ಸ್ನಾನ ಮಾಡಿಸಿದ ಪುಣ್ಯದಲ್ಲಿ ವಜಾ ಮಾಡಿಕೊಳ್ಳುತ್ತೇನೆ ಎಂದು ತಿಕ್ಕಿಯೇ ಬಿಟ್ಟೆ. ವಿಭೂತಿಯ ಜೊತೆ ಅರ್ಧ ಆಫ್ರಿಕಾನೂ ಬಂದುಬಿಟ್ಟಿತು.

ಬಾಷ್ಪೀಭವನ

ಮೂರನೇ ಜೂನಿಗೆ ಉದ್ದ ಜಡೆಯವಳು ಹತ್ತನೇ ಕ್ಲಾಸಿಗೆ ಬಂದಳು. ಈ ವರ್ಷ ತಪ್ಪಿದರೆ ಅವಳು ಲ್ಯಾಬನ್ನು ಕಾಣದೆಯೇ ಮದುವೆಯಾಗಿ ಹೋಗುತ್ತಾಳೆ ಎಂದು ನನಗೆ ಹೊಟ್ಟೆ ಉರಿಯಿತು. ಹೆಡ್‌ಮಾಸ್ಟರಿಗೆ ಮುಂಚೆಯೇ ಹೇಳಿದೆ: ಬೀಗ ತೆಗೆಯಿರಿ, ಇಲ್ಲ ಒಡೆಯುತ್ತೇನೆ. ಕಡೂರಿನ ಶಿಕ್ಷಣ ಇಲಾಖೆ ಆಫೀಸಿನಲ್ಲಿ ನನ್ನ ಷಡ್ಕ ಇದ್ದಾನೆ, ನಿಮ್ಮನ್ನು ಕೆಮ್ಮಣ್ಣುಗುಂಡಿ ಮೇಲಕ್ಕೆ ಎತ್ತಿಹಾಕಿಸುತ್ತೇನೆ ಅಂದರು. ಅಲ್ಲಿ ಹವಾ ಚೆನ್ನಾಗಿದೆ ಅಂದೆ.

ಮೊದಲ ದಿನ ಹೊಸ ಮಕ್ಕಳನ್ನೂ ಹತ್ತನೇ ಕ್ಲಾಸನ್ನೂ ಬಾಗಿಲ ಮುಂದೆ ನಿಲ್ಲಿಸಿ, ಒಂದು ದಪ್ಪ ಕಲ್ಲು ತಗೊಂಡು ಬೀಗ ಜಜ್ಜಿದೆ. ಮೂರನೇ ಏಟಿಗೆ ಬೀಗ ಬಿತ್ತು. ಒಳಗೆ ಪ್ರನಾಳಗಳು ಧೂಳು ಹೊದ್ದು ಮಲಗಿದ್ದವು. ತಲೆ ಎತ್ತಿ ನೋಡಿದರೆ, ತೊಲೆಯಿಂದ ತೊಲೆಗೆ ಬಿದಿರಿನ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ.

ನಮ್ಮ ಕಡೆ ಎಲ್ಲರಿಗೂ ಗೊತ್ತು, ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಸುಮಾರು ಒಂದು ವರ್ಷ ಅಟ್ಟದ ಮೇಲೆ ಮುಟ್ಟದೆ ಬಿಡಬೇಕು. ಒಳಗಿನ ನೀರೆಲ್ಲ ತಾನಾಗಿ ಆರಬೇಕು. ಸರ್ಕಾರದ ಸೊತ್ತಿನ ಮೇಲೆ ಹೆಡ್‌ಮಾಸ್ಟರಿಗೆ ಇಷ್ಟು ಪ್ರೀತಿ ಯಾಕೆ ಎಂದು ಆಗ ಅರ್ಥವಾಯಿತು.

ಅಷ್ಟರಲ್ಲಿ ಅವರೇ ಓಡಿಬಂದರು. ಮಕ್ಕಳೆಲ್ಲ ಮೇಲೆ ನೋಡುತ್ತಿದ್ದುದನ್ನು ಕಂಡು, ಗಂಟಲು ಸರಿಮಾಡಿಕೊಂಡು, ಇದು ಬಾಷ್ಪೀಭವನದ ಪ್ರಯೋಗ, ನಿಧಾನವಾಗಿ ನಡೆಯುತ್ತಿದೆ ಅಂದರು. ಉದ್ದ ಜಡೆಯವಳು ಬೆಂಚು ಹತ್ತಿ ಒಂದು ಕಾಯಿ ಇಳಿಸಿ, ಕಿವಿಯ ಹತ್ತಿರ ಅಲ್ಲಾಡಿಸಿದಳು.

"ನೀರು ಇನ್ನೂ ಐತೆ ಸಾ. ಪ್ರಯೋಗ ಆಗಿಲ್ಲ."

"ಹೌದೇನೇ? ಕೊಡು ಇಲ್ಲಿ," ಎಂದು ಹೆಡ್‌ಮಾಸ್ಟರೂ ಇಸಿದುಕೊಂಡು ಅಲ್ಲಾಡಿಸಿದರು. ಆಮೇಲೆ ನಾನು ಅಲ್ಲೇ ನಿಂತಿರುವುದು ನೆನಪಾಯಿತು.

"ನಿಮ್ಮ ವರ್ಗಕ್ಕೆ ಈಗಲೇ ಬರೀತೀನಿ ಕಣ್ರೀ."

"ಬರೀರಿ ಸಾರ್. ಕಾರಣ ಅಂತ ಇರೋ ಕಡೆ ತೆಂಗಿನಕಾಯಿ ಅಂತ ಮರೀದೆ ಬರೀರಿ."

ಆ ವಾರವೇ ವರ್ಗವಾಯಿತು. ಭಾನುವಾರ ಎತ್ತಿನ ಗಾಡಿ ಬಂತು, ಕಾಯಿಗಳೆಲ್ಲ ಹೋದವು. ನಾನು ಅಲ್ಲೇ ಇದ್ದೆ.