ಅಂಗಾತ ಮೀನಿನ ಊಟದ ಚಿಂತೆ

ಈ ಲೋಕದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ಪ್ರಶ್ನೆ, "ನಾನ್ಯಾರು ಗೊತ್ತಾಯ್ತೇನಪ್ಪಾ?" ಎಂಬುದು. ಮದುವೆ ಮನೆಯಲ್ಲಿ ಯಾರೋ ಹಿರಿಯರು ದಾರಿಗೆ ಅಡ್ಡ ನಿಂತು, ನನ್ನ ಎರಡೂ ಕೈ ಹಿಡಿದುಕೊಂಡು ಹೀಗೆ ಕೇಳಿ, ನಗುತ್ತಾ ಕಾಯುತ್ತಾರೆ. ನಾನೂ ನಗುತ್ತೇನೆ. "ಅಯ್ಯೋ, ನಿಮ್ಮನ್ನ ಮರೆಯೋಕಾಗುತ್ತಾ!" ಎನ್ನುತ್ತೇನೆ. "ಹಾಗಾದ್ರೆ ಹೇಳು ನೋಡೋಣ" ಎನ್ನುತ್ತಾರೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಒಮ್ಮೆ ಹೆಂಡತಿಯ ಸ್ವಂತ ಸೋದರಮಾವನನ್ನು ಅಡುಗೆ ಕಂಟ್ರಾಕ್ಟರ್ ಎಂದುಕೊಂಡು, ಪಲ್ಯಕ್ಕೆ ಉಪ್ಪು ಸಾಲದು ಎಂದು ಜಬರ್ದಸ್ತಾಗಿ ದೂರು ಕೊಟ್ಟವನು ನಾನು. ಇಂಥವನ ತಲೆಗೆ ಒಂದು ಮೀನಿನ ಗುರುತು ಹಿಡಿಯುವ ಹೊಣೆ ಬಿತ್ತು. ಅದೂ ಎಂಥ ಹೊಣೆ ಅಂತೀರಿ? ಗುರುತು ಹಿಡಿಯದಿದ್ದರೆ ಆ ಬಡಪಾಯಿ ಸತ್ತೇ ಹೋಗುತ್ತಿತ್ತು.

ಮೂಡಲಪಾಳ್ಯದ ನಮ್ಮ ನಡುಮನೆಗೆ ಮೀನಿನ ಗಾಜಿನ ತೊಟ್ಟಿ ಬಂದದ್ದು ಅವ್ವನಿಗಾಗಿ. ಮಂಡಿಯ ಆಪರೇಷನ್ ಆದ ಮೇಲೆ ಕುರ್ಚಿಯಲ್ಲಿ ಕೂತೇ ಇರಬೇಕಾಗಿ ಬಂದ ಅವ್ವನಿಗೆ, ಧಾರಾವಾಹಿಗಿಂತ ಗೋಲ್ಡ್‌ಫಿಶ್‌ಗಳೇ ಹಿಡಿಸಿದವು. ಆದರೆ ಗಾಜಿಗೆ ಪಾಚಿ ಕಟ್ಟತೊಡಗಿತು. ಉಜ್ಜುವ ಕೆಲಸ ನನ್ನದು, ಸೋಮಾರಿತನವೂ ನನ್ನದೇ. ವಿಜಯನಗರದ ಮೀನಿನ ಅಂಗಡಿಯವನ ಹತ್ತಿರ ಗೋಳು ಹೇಳಿಕೊಂಡೆ. ಅವನು ಬೆರಳುದ್ದದ ಒಂದು ಮರಿ ಕ್ಯಾಟ್‌ಫಿಶ್ ಅನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, "ಕ್ಲೀನಿಂಗ್ ಫಿಶ್ ಸಾರ್. ಪಾಚಿ ತಿನ್ಕೊಂಡು ಅದ್ರ ಪಾಡಿಗೆ ಅದು ಇರತ್ತೆ. ಪ್ಯೂರ್ ವೆಜ್" ಎಂದ. ಈ ಕೊನೆಯ ಮಾತಿಗೆ ನಾನು ಮಾರುಹೋದೆ. ನಮ್ಮದು ದಾವಣಗೆರೆ ಕಡೆಯ ಲಿಂಗಾಯತರ ಮನೆ. ಹುಟ್ಟುಹಬ್ಬದ ಕೇಕಿಗೆ ಮೊಟ್ಟೆ ಹಾಕಿಲ್ಲ ತಾನೇ ಎಂದು ಬೇಕರಿಯಲ್ಲೊಮ್ಮೆ, ಮನೆಯ ಬಾಗಿಲಲ್ಲೊಮ್ಮೆ ವಿಚಾರಣೆ ನಡೆದ ಮೇಲೆಯೇ ಅದಕ್ಕೆ ಒಳಗೆ ಪ್ರವೇಶ. ಮೀನು ನಮ್ಮ ಪಂಗಡದ್ದೇ ಎಂದು ತಿಳಿದು ಅವ್ವನಿಗೆ ಪರಮ ಸಂತೋಷವಾಯಿತು. ಮೀಸೆ ಮೂಡಿದ್ದರೂ ಅದನ್ನು ಕೂಸು ಎಂದೇ ಕರೆದಳು.

ಕೂಸಿಗೆ ರಾಜೋಪಚಾರ ಶುರುವಾಯಿತು. ಬೇಯಿಸಿದ ಪಾಲಕ್, ತೆಳ್ಳಗೆ ಹೆಚ್ಚಿದ ಸೌತೆಕಾಯಿ, ಒಂದು ದಿನ ನೆನೆಸಿದ ರೊಟ್ಟಿಯ ಚೂರು. ಯಾವುದನ್ನೂ ಅದು ಮೂಸಲಿಲ್ಲ. ಎಲ್ಲವನ್ನೂ ಗೋಲ್ಡ್‌ಫಿಶ್‌ಗಳು ತಿಂದು ಲಡ್ಡುಗಳಂತಾದವು. ಪಾಚಿ ಇದ್ದಲ್ಲೇ ಇತ್ತು. ಒಂದು ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಹೆಂಡತಿ ಸುಮಾ ಕೂಗಿದಳು, "ರೀ, ಬೇಗ ಬನ್ನಿ, ಹೋಗ್ಬಿಡ್ತು ಕಣ್ರೀ!" ಕೂಸು ಹೊಟ್ಟೆ ಮೇಲೆ ಮಾಡಿಕೊಂಡು ಅಂಗಾತ ತೇಲುತ್ತಿತ್ತು. ಅವ್ವ ಕಣ್ಣು ಮುಚ್ಚಿ "ಶಿವಾ" ಎಂದಳು. ನಾನು ಭಾರವಾದ ಮನಸ್ಸಿನಿಂದ ಟೀ ಸೋಸುವ ಜರಡಿಯನ್ನು ನೀರಿಗಿಳಿಸಿದೆ. ಹೆಣ ಛಂಗನೆ ನೆಗೆದು ಫಿಲ್ಟರಿನ ಹಿಂದೆ ಓಡಿಹೋಯಿತು!

ಅಂದಿನಿಂದ ನಮ್ಮ ಮನೆಯಲ್ಲಿ ದಿನಾ ಒಂದು ಸಾವು, ದಿನಾ ಒಂದು ಪುನರ್ಜನ್ಮ. ಕಚೇರಿಯಲ್ಲಿ ಫೋನ್ ಹೊಡೆದುಕೊಂಡರೆ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. "ಮತ್ತೆ ಅಂಗಾತ ಆಗಿದೆ ಕಣ್ರೀ, ಈ ಸಲ ನಿಜವಾಗ್ಲೂ." ಕಾವೇರಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತಡೆದಿಟ್ಟು, ಕ್ಲೋರಿನ್ ಹೋದ ಮೇಲೆ ತೊಟ್ಟಿಗೆ ಹಾಕಿದೆ. ಹೀಟರ್ ತಂದೆ. ಅವ್ವ ಗಾಜಿಗೆ ಮೂರು ಬೆರಳು ವಿಭೂತಿ ಎಳೆದಳು. ಕೂಸು ಮಾತ್ರ ಅಂಗಾತವೇ ಇತ್ತು. ಅಂಗಡಿಯವನು ಫೋನಿನಲ್ಲಿ, "ಹಂಗೆ ಬಿದ್ಕೊಂಡಿದ್ರೆ ಉಳಿಯಲ್ಲ ಸಾರ್. ವಾಪಸ್ ಎಲ್ಲಾ ತಗೊಳಲ್ಲ" ಎಂದು ಇಟ್ಟುಬಿಟ್ಟ.

ಗತ್ಯಂತರವಿಲ್ಲದೆ ಗುರುತು ಹಿಡಿಯಲು ಕೂತೆ. ಫೋಟೋವನ್ನು ನೆಂಟರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಒಬ್ಬರು ಶಾರ್ಕ್ ಮರಿ ಎಂದರು. ಇನ್ನೊಬ್ಬರು ಗೊದಮೊಟ್ಟೆ, ಕಪ್ಪೆಯಾಗುತ್ತದೆ, ಬಾಗಿಲು ಭದ್ರ ಮಾಡಿಕೊಳ್ಳಿ ಎಂದರು. ಆ ಸೋದರಮಾವ, "ಮೊದಲು ಮನುಷ್ಯರ ಗುರುತು ಹಿಡಿಯೋದು ಕಲೀಲಿ" ಎಂದು ಬರೆದರು. ಫೋನಿನ ಕ್ಯಾಮೆರಾ ಇದು ಬಹುಶಃ ಬದನೆಕಾಯಿ ಎಂದಿತು. ಕೊನೆಗೆ ಭೂತಗನ್ನಡಿ ಹಿಡಿದು ನಾನೇ ಗಾಜಿಗೆ ಮೂಗು ಒತ್ತಿದೆ. ಪಾಚಿ ತಿನ್ನುವ ಮೀನಿಗೆ ಬಾಯಿ ಅಡಿಯಲ್ಲಿರುತ್ತದೆ, ಅದರಿಂದ ಗಾಜನ್ನು ಹೀರಿ ಅಂಟಿಕೊಳ್ಳುತ್ತದೆ ಎಂದು ಓದಿದ್ದೆ. ನಮ್ಮದು ಒಂದು ದಿನವೂ ಅಂಟಿಕೊಂಡಿರಲಿಲ್ಲ. ಮೀಸೆಯ ಕೂದಲು ಗರಿಯಂತೆ ಕವಲೊಡೆದಿತ್ತು. ಎಲ್ಲ ಮೀನಿಗೂ ಬೆನ್ನು ಕಪ್ಪಗೆ, ಹೊಟ್ಟೆ ಬೆಳ್ಳಗೆ ಇದ್ದರೆ, ಇದಕ್ಕೆ ಹೊಟ್ಟೆಯೇ ಹೆಚ್ಚು ಕಪ್ಪು. ಹುಡುಕುತ್ತಾ ಹೋದೆ. ಸಿಕ್ಕಿತು! ಆಫ್ರಿಕಾದ ನದಿಯದು, ಹುಟ್ಟಾ ಅಂಗಾತವೇ ಈಜುವ ಜಾತಿ. ಅದು ಸಾಯುತ್ತಿರಲಿಲ್ಲ, ವಾಕಿಂಗ್ ಹೋಗುತ್ತಿತ್ತು.

ಜನ್ಮದಲ್ಲಿ ಮೊದಲ ಬಾರಿಗೆ ಒಬ್ಬರ ಗುರುತು ಸರಿಯಾಗಿ ಹಿಡಿದಿದ್ದೆ. ಸುಮಾಳನ್ನು ಕರೆದು ಜೋರಾಗಿ ಓದಿ ಹೇಳತೊಡಗಿದೆ. ಆದರೆ ಮುಂದಿನ ಸಾಲಿಗೆ ಬರುತ್ತಲೇ ನನ್ನ ದನಿ ಇಳಿಯಿತು. ಆಹಾರ: ಹುಳು, ಹುಪ್ಪಟೆ, ಕೀಟ. ಇಬ್ಬರೂ ತೊಟ್ಟಿಯತ್ತ ತಿರುಗಿದೆವು. ಈಗ ಕಂಡಿತು. ತಲೆಯೊಂದೇ ದಪ್ಪ, ಹೊಟ್ಟೆ ಒಳಕ್ಕೆ ಸೇದಿಹೋಗಿತ್ತು. ಅಂಗಾತವಾಗಿದ್ದಕ್ಕಲ್ಲ, ಹಸಿವಿಗೆ ಅದು ನಿಜಕ್ಕೂ ಸಾಯುತ್ತಿತ್ತು. ಪಾಪದ್ದು, ಬೇಯಿಸಿದ ಪಾಲಕ್ಕಿನ ಮುಂದೆ ಕೂತು ಸಾಯುತ್ತಿತ್ತು.

"ಒಣಗಿಸಿದ ಹುಳ ಡಬ್ಬೀಲಿ ಸಿಗತ್ತಂತೆ" ಎಂದು ಪಿಸುಗುಟ್ಟಿದೆ. "ನಿಮ್ಮಮ್ಮಂಗೆ ನೀವೇ ಹೇಳಿ. ನಾನಂತೂ ಹೇಳಲ್ಲಪ್ಪ" ಎಂದು ಸುಮಾ ಒಳಗೆ ಹೋದಳು. ಮೂರು ಹೊತ್ತು ಲಿಂಗಪೂಜೆ ಮಾಡುವ ಅವ್ವನ ಮುಂದೆ ಹುಳದ ಡಬ್ಬಿ ಇಡುವುದು ಹೇಗೆ? ಬೇಡವೆಂದರೆ ಮೀನು ಉಳಿಯುವುದಿಲ್ಲ. ತಂದೆನೆಂದರೆ ಅವ್ವ ಊಟ ಬಿಡಬಹುದು. ಮೀನೋ ಅವ್ವನೋ, ಯಾರಾದರೊಬ್ಬರು ಉಪವಾಸ ಕೂತ ಮನೆಯನ್ನು ನೆನೆದು ಬೆವರಿದೆ. ಆಗಲೇ ಸಂಜೆಯ ದೀಪ ಹಚ್ಚಿಯಾಗಿತ್ತು. ಅವ್ವನ ಕುರ್ಚಿಯ ಪಕ್ಕ ಕೂತು, ತಡವರಿಸುತ್ತಾ ಹೇಳಿಬಿಟ್ಟೆ.

ಅವ್ವ ತೊಟ್ಟಿಯತ್ತ ತಿರುಗಿದಳು. ಅವಳು ಸಂಸಾರ ಮಾಡಿದ ಮನೆಯಲ್ಲಿ ಊಟದ ಹೊತ್ತಿಗೆ ಬಂದವರು ಹಾಗೇ ಹೋದದ್ದಿಲ್ಲ. ಕರೆಂಟ್ ಮೀಟರ್ ನೋಡಲು ಬಂದವನೂ ಉಂಡೇ ಹೋಗುತ್ತಿದ್ದ. "ಹಂಗಾರೆ ಇಷ್ಟು ದಿನ ನಾವು ಕೂಸನ್ನ ಉಪಾಸ ಕೆಡವಿದ್ವೇನಪಾ?" ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ತಲೆ ತಗ್ಗಿಸಿದೆ. ಅವ್ವನೇ ಮತ್ತೆ ಕೇಳಿದಳು, "ಹುಳ ಅಂದ್ರೆ ಎಂಥಾವು?"

ಫೋನ್ ನೋಡಿ ಓದಿದೆ, "ಎರೆಹುಳ, ಸಿಗಡಿ, ಸೊಳ್ಳೆ..."

"ಸೊಳ್ಳಿ?" ಎಂದಳು ಅವ್ವ. ಮೊಟ್ಟೆಯ ನೆರಳು ಸೋಕದ ಈ ಸಾಧ್ವಿಗೆ ಸೊಳ್ಳೆಯ ವಿಷಯದಲ್ಲಿ ಮಾತ್ರ ಕರುಣೆ ಎಂಬುದಿಲ್ಲ. ಮೋರಿನೀರು ಹರಿಯುವ ರಾಜಕಾಲುವೆಯ ಕಡೆಯಿಂದ ಬರುವ ಅವನ್ನು, ಕೂತಲ್ಲೇ ಕರೆಂಟ್ ಬ್ಯಾಟಿನಿಂದ ಎಡಕ್ಕೂ ಬಲಕ್ಕೂ ಹೊಡೆದು ಹಾಕುವುದರಲ್ಲಿ ಅವಳದು ಎತ್ತಿದ ಕೈ. "ಆ ಬ್ಯಾಟ್ ಕೊಡು ಇಲ್ಲಿ. ಹೆಂಗೂ ಕಸದ ಬುಟ್ಟಿಗೆ ಹಾಕಾವು. ಈ ಮನ್ಯಾಗೆ ಯಾರೂ ಹಸ್ಕೊಂಡು ಸಾಯಬಾರ್ದು" ಎಂದಳು. ಚಟ್, ಚಟ್. ಸುಮಾ ಬ್ಯಾಟಿನ ಜಾಲರಿಯನ್ನು ನೀರಿನ ಮೇಲೆ ಕೊಡವಿದಳು. ಸೊಳ್ಳೆಗಳು ತೇಲಿದವು. ಕೂಸು ಅಲುಗಲಿಲ್ಲ. ಮೂವರೂ ತೊಟ್ಟಿಯನ್ನೇ ನೋಡಿದೆವು. ತಡವಾಯಿತೇನೋ ಎಂದುಕೊಂಡೆ. ಆಗ ಅದು ಫಿಲ್ಟರಿನ ಹಿಂದಿನಿಂದ ಮೆಲ್ಲಗೆ ಹೊರಬಂತು. ಅಂಗಾತವೇ ಬಂತು, ನೀರಿನ ಮೇಲ್ಮೈಗೆ ಬಾಯಿ ಹಚ್ಚಿ, ಒಂದೊಂದನ್ನೇ ಗುಳುಂ ಮಾಡಿತು.

ಅವ್ವ ಬ್ಯಾಟನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದಳು. "ಬಾಯಿ ಮ್ಯಾಲೆ ಮಾಡಿ ಅದು ದಿನಾ ಊಟ ಕೇಳ್ತಿತ್ತಲ್ಲೋ. ನೀವು ಸಾಯಾಕತ್ತೈತಿ ಅಂತ ನೀರು ಬದಲಿಸಿದ್ರಿ."

ಈಗ ಕೂಸು ದುಂಡಗಾಗಿದೆ. ಹುಳದ ಡಬ್ಬಿ ತರುವ ಪ್ರಸಂಗವೇ ಬರಲಿಲ್ಲ. ಆದರೆ ಔಷಧಿಯ ಹೊಗೆ ಮೀನಿಗೆ ಆಗದೆಂದು ಸೊಳ್ಳೆ ಕಾಯಿಲ್ ಹಚ್ಚುವುದನ್ನು ಅವ್ವ ನಿಷೇಧಿಸಿದ್ದಾಳೆ. ಸಂಜೆಯಾದೊಡನೆ ಬೀದಿಯವರೆಲ್ಲ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿದರೆ, ನಮ್ಮಲ್ಲಿ ತೆರೆಯುತ್ತಾರೆ. ಸೊಳ್ಳೆಗಳಿಗೆ ಅವ್ವನ ರಕ್ತ ಸೇರದು, ಸುಮಾಳದೂ ಸೇರದು. ಹೀಗಾಗಿ ಅಂಗಿ ಬಿಚ್ಚಿ ಕಿಟಕಿಯ ಪಕ್ಕ ನಾನು ಕೂರುತ್ತೇನೆ. ಅವು ನನ್ನನ್ನು ಕುಡಿದು ಮೈ ಭಾರವಾಗಿ ಮೇಲೇಳುವಾಗ ಅವ್ವ ಹೊಡೆಯುತ್ತಾಳೆ. "ಅಲುಗಬೇಡಪಾ, ಇನ್ನೊಂದು ಹೀರ್ಕೊಳ್ಳಲಿ, ಕೂಸಿಗೆ ಪುಷ್ಟಿ" ಎನ್ನುತ್ತಾಳೆ. ಇಷ್ಟೆಲ್ಲ ಆದರೂ ನಮ್ಮ ಮನೆಗೆ ಹೊರಗಿನಿಂದ ಮಾಂಸ ಬಂದಿಲ್ಲ ಎಂದು ಅವ್ವ ನೆಂಟರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ನಿಜವೇ, ಆ ಮೀನು ತಿನ್ನುತ್ತಿರುವುದು ಮನೆಯ ಯಜಮಾನನನ್ನು.